ಬಲಗಡೆಯ ಕ್ಯಾಬಿನ್

ಅವನನ್ನು ಎಲ್ಲರೂ ಬೋಲ್ಟ್ ಮೇಸ್ತ್ರಿ ಅನ್ನುತ್ತಿದ್ದರು. ಬಾಗಿಲು, ಕಿಟಕಿ, ಮೆಟ್ಟಿಲ ಕಂಬಿ, ಬಾಲ್ಕನಿಯ ರೇಲಿಂಗ್ ಕೂಡಿಸುವುದು ಅವನ ಕಸುಬು. ಒಂದು ಬೋಲ್ಟು ಬಿಗಿದರೆ ಅದನ್ನೇ ಇನ್ನೆರಡು ಸಲ ಬಿಗಿದು ನೋಡುವ ಆಸಾಮಿ. ಕೆಲಸ ಮುಗಿಸಿ, ಕೈ ತೊಳೆದು, ಚಪ್ಪಲಿ ಮೆಟ್ಟಿ, ಬೀದಿಯ ತಿರುವಿನ ತನಕ ಹೋದವನು ವಾಪಸು ಬಂದು ಬಾಗಿಲು ತಟ್ಟುತ್ತಿದ್ದ. "ಅಮ್ಮಾ, ಒಂದೇ ನಿಮಿಷ, ಕೆಳಗಿನದೊಂದು ನೋಡಿಬಿಡ್ತೀನಿ." ಮನೆಯವರಿಗೆ ನಗು. "ನಮ್ಮ ಮೇಸ್ತ್ರಿ ಬಿಗಿದ ಕಂಬಿ, ಮನೆ ಬಿದ್ದರೂ ಬೀಳಲ್ಲ" ಅಂತ ತಮಾಷೆ ಮಾಡುತ್ತಲೇ ಇನ್ನೊಬ್ಬರಿಗೆ ಹೇಳಿ ಕೆಲಸ ಕೊಡಿಸುತ್ತಿದ್ದರು. ಅವನೂ ನಗುತ್ತಿದ್ದ, ತುಟಿಯಲ್ಲಷ್ಟೇ.

ವಯಸ್ಸು ಐವತ್ತಮೂರು. ಮದುವೆಯಾಗಲಿಲ್ಲ. ವಿಧವೆ ಅಕ್ಕನ ಮನೆಯ ಹಿಂದಿನ ಕೋಣೆಯಲ್ಲಿ ಇಪ್ಪತ್ತಾರು ವರ್ಷದಿಂದ ಇದ್ದ. ಅಕ್ಕನ ಮಗಳನ್ನು ಸ್ಕೂಲಿಗೆ ಬಿಟ್ಟವನು, ಜ್ವರ ಬಂದಾಗ ಹೆಗಲ ಮೇಲೆ ಹೊತ್ತು ಆಸ್ಪತ್ರೆಗೆ ಓಡಿದವನು, ಅವಳು ಕಾಲೇಜು ಸೇರುವಾಗ ಜೊತೆಗೆ ನಿಂತವನು ಎಲ್ಲ ಅವನೇ. ಅಕ್ಕಪಕ್ಕದವರು, "ತಮ್ಮ ಅಂದ್ರೆ ಇವನ ಥರ ಇರಬೇಕು ನೋಡಿ" ಅಂದಾಗಲೆಲ್ಲ ಅವನು ಏನಾದರೂ ನೆಪ ಹುಡುಕಿ ಎದ್ದು ಹೋಗುತ್ತಿದ್ದ. ನಾಚಿಕೆ ಸ್ವಭಾವ ಅಂದುಕೊಂಡರು ಜನ.

ಕಾರಣ ಬೇರೆಯೇ ಇತ್ತು. ಊರಿನ ಬಂದರಿನ ಪಕ್ಕದಲ್ಲಿ ಆಗ ದೊಡ್ಡ ಹಡಗು ಕಟ್ಟುವ ಯಾರ್ಡ್ ಇತ್ತು. ಅಕ್ಕನ ಗಂಡ ಅಲ್ಲಿ ಎಲೆಕ್ಟ್ರಿಷಿಯನ್. ಕೆಲಸವಿಲ್ಲದೆ ಅಲೆಯುತ್ತಿದ್ದ ಬಾಮೈದನನ್ನು ಕೈಹಿಡಿದು ಕರೆದುಕೊಂಡು ಹೋಗಿ ಬಾಗಿಲು ಕೂಡಿಸುವ ಗುಂಪಿಗೆ ಸೇರಿಸಿದ್ದೂ ಆ ಭಾವನೇ. ಆ ವರ್ಷ ಯಾರ್ಡಿನಲ್ಲಿ ಒಂದು ವಿಹಾರದ ಹಡಗು ತಯಾರಾಗುತ್ತಿತ್ತು. ಹನ್ನೆರಡು ಅಂತಸ್ತು, ಸಾಲುಸಾಲು ಬಾಲ್ಕನಿ ಕ್ಯಾಬಿನ್ನು. ಎಂಟನೇ ಅಂತಸ್ತಿನ ಎಡಗಡೆಯ ಸಾಲು ಇವನ ಗುಂಪಿನದು. ಅಲ್ಲಿಗೆ ಬಂದ ಸೋಫಾಗಳು ಒಳಗಿನ ಓಣಿಯಲ್ಲಿ ತಿರುಗಲಿಲ್ಲ. ಕ್ರೇನಿನಲ್ಲಿ ಎತ್ತಿ ಹೊರಗಿನಿಂದ ಬಾಲ್ಕನಿಗೇ ಇಳಿಸಬೇಕಾಯಿತು. ಅದಕ್ಕೆ ರೇಲಿಂಗಿನ ಗಾಜಿನ ಹಲಗೆ ಬಿಚ್ಚಬೇಕು. ಬಿಚ್ಚುವುದಕ್ಕೆ ಸುರಕ್ಷತಾ ವಿಭಾಗದಿಂದ ಚೀಟಿ ತರಬೇಕು. ಚೀಟಿ ತರಲು ಹೋದರೆ ಅರ್ಧ ದಿನ ಹಾಳು ಅಂತ ಸೂಪರ್‌ವೈಸರ್ ಬಾಯಿಮಾತಿನಲ್ಲೇ, "ಬಿಚ್ಚು, ಬಿಚ್ಚು" ಅಂದ.

ಇವನು ಬಿಚ್ಚಿದ. ಸೋಫಾ ಒಳಗೆ ಬಂತು. ಹಲಗೆಯನ್ನು ಎತ್ತಿ ಅದರ ಜಾಗದಲ್ಲಿ ನಿಲ್ಲಿಸಿದ. ಅಷ್ಟರಲ್ಲಿ ಮಧ್ಯಾಹ್ನದ ಊಟದ ಸೈರನ್ ಆಯಿತು. ಬೆಳಗಿನಿಂದ ಏನೂ ತಿಂದಿರಲಿಲ್ಲ. ಬಂದು ಬಿಗಿದರಾಯಿತು ಅಂತ ನಾಲ್ಕು ಬೋಲ್ಟನ್ನೂ ಜೇಬಿಗೆ ಹಾಕಿಕೊಂಡು ಇಳಿದುಹೋದ. ಎಚ್ಚರಿಕೆಯ ಕೆಂಪು ಪಟ್ಟಿಯೊಂದನ್ನು ಅಡ್ಡ ಕಟ್ಟಿದ್ದರೂ ಸಾಕಿತ್ತು. ಅದು ಪಕ್ಕದ ಕ್ಯಾಬಿನ್ನಿನಲ್ಲಿತ್ತು, ತರಲು ಸೋಮಾರಿತನ. ನಲ್ಲಿಯ ಕೆಳಗೆ ಕೈ ತೊಳೆಯುತ್ತಿದ್ದಾಗ ಮೇಲಿನಿಂದ ಕೂಗು ಕೇಳಿತು. ಆಮೇಲೆ ಕಾಂಕ್ರೀಟಿನ ಮೇಲೆ ಒಂದು ಸದ್ದು. ಭಾವ ಆ ಬಾಲ್ಕನಿಯ ಸೂರಿನ ದೀಪ ಹತ್ತುತ್ತದೋ ಇಲ್ಲವೋ ನೋಡಲು ಹೋಗಿ, ತಲೆ ಮೇಲೆತ್ತಿ, ಹಿಂದಕ್ಕೆ ರೇಲಿಂಗಿಗೆ ಒರಗಿದ್ದ.

ಸೂಪರ್‌ವೈಸರ್ ಇವನನ್ನು ಪೈಪುಗಳ ಹಿಂದಕ್ಕೆ ಎಳೆದುಕೊಂಡು ಹೋದ. "ನೀನು ಬಿಚ್ಚಿಲ್ಲ. ನಾನು ಹೇಳಿಲ್ಲ. ತಿಳೀತಾ? ಇಲ್ಲಾಂದ್ರೆ ಇಬ್ಬರೂ ಜೈಲಿಗೆ." ವಿಚಾರಣೆಯ ದಿನ ಮೇಜಿನ ಆಚೆ ಮೂವರು ಕೂತಿದ್ದರು. ರೇಲಿಂಗ್ ಬಿಚ್ಚಿದ್ದು ಯಾರು ಅಂತ ಕೇಳಿದಾಗ ಇವನು, "ನನಗೆ ಗೊತ್ತಿಲ್ಲ ಸಾರ್" ಅಂದ. ವರದಿಯಲ್ಲಿ, ಮೃತರು ತಮ್ಮ ಕೆಲಸದ ಅನುಕೂಲಕ್ಕಾಗಿ ರೇಲಿಂಗನ್ನು ತಾವೇ ಬಿಚ್ಚಿಕೊಂಡಿದ್ದರು, ಅವಘಡ ಅವರ ಅಜಾಗರೂಕತೆಯಿಂದಲೇ ಆದದ್ದು ಅಂತ ಬರೆದರು. ಯಾರ್ಡಿನವರು ಕೊಟ್ಟಿದ್ದ ಮನೆ ಖಾಲಿ ಮಾಡಬೇಕಾಯಿತು. ಅಕ್ಕ ಆರು ವರ್ಷದ ಮಗಳನ್ನು ಕಟ್ಟಿಕೊಂಡು ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗಕ್ಕೆ ಸೇರಿದಳು. ಆ ವರದಿಯನ್ನು ಅವಳು ಅಕ್ಷರಶಃ ನಂಬಿದಳು. ಮಗಳು ಮೆಟ್ಟಿಲ ಮೇಲೆ ಓಡಿದರೆ, "ನಿಮ್ಮಪ್ಪನ ಬುದ್ಧಿ ಬೇಡ, ನೋಡಿ ಕಾಲಿಡು" ಅನ್ನುವಳು. ಗಂಡನ ಮಾತು ಬಂದರೆ, "ಅವಸರದ ಮನುಷ್ಯ. ನಮ್ಮನ್ನ ನೆನೆಸಿಕೊಂಡಿದ್ರೆ ಹಾಗೆ ಮಾಡ್ತಿದ್ರಾ?" ಅಂದು ಮುಖ ತಿರುಗಿಸುವಳು. ಮೇಸ್ತ್ರಿ ತಟ್ಟೆಯ ಮೇಲೆ ಬಗ್ಗಿ ಅನ್ನ ಕಲೆಸುತ್ತ ಕೂರುತ್ತಿದ್ದ.

ಅಕ್ಕ ಅರವತ್ತಕ್ಕೆ ನಿವೃತ್ತಳಾದಳು. ಮಗಳು ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕೆಲಸಕ್ಕಿದ್ದಳು. "ಅಮ್ಮಾ, ನಿನ್ನ ಜೀವಮಾನದಲ್ಲಿ ನೀನು ಏನೂ ಕೇಳಿಲ್ಲ. ಈಗ ಏನಾದ್ರೂ ಕೇಳು" ಅಂದಳು. ಮೂರನೇ ದಿನ ಅಕ್ಕ ಪೇಪರಿನ ಒಂದು ಚೂರು ತಂದು ಮೇಜಿನ ಮೇಲಿಟ್ಟಳು. ಊರಿನ ಯಾರ್ಡಿನಲ್ಲೇ ಹುಟ್ಟಿದ ಆ ಹಡಗು ಎರಡು ಸಲ ಹೆಸರು ಬದಲಿಸಿಕೊಂಡು ಮತ್ತೆ ಈ ಬಂದರಿಗೆ ಬರುತ್ತಿದೆ, ಇದೇ ಅದರ ಕೊನೆಯ ವರ್ಷ, ಆಮೇಲೆ ಒಡೆಯಲು ಕಳಿಸುತ್ತಾರೆ ಅಂತ ಅದರಲ್ಲಿತ್ತು.

"ಇದರಲ್ಲಿ ಹೋಗಬೇಕು," ಅಂದಳು. "ಅವರು ಹೇಳ್ತಿದ್ರು, ಹಡಗು ಮುಗಿದ ಮೇಲೆ ನಿನ್ನನ್ನ ಆ ಬಾಲ್ಕನೀಲಿ ಕೂರಿಸಿ ಕಾಫಿ ಕುಡಿಸ್ತೀನಿ ಅಂತ. ಒಡೆದು ಹಾಕೋ ಮೊದಲು ಒಂದು ಸಲ ಕೂತು ಬರ್ತೀನಿ."

ಮಗಳಿಗೆ ರಜೆ ಸಿಗಲಿಲ್ಲ. "ಮಾವ, ನೀವೇ ಹೋಗಿ ಬನ್ನಿ ಅಮ್ಮನ ಜೊತೆ. ಆ ಹಡಗು ನಿಮಗೆ ಅಂಗೈ ಇದ್ದ ಹಾಗೆ. ಒಳ್ಳೇ ಕ್ಯಾಬಿನ್ ನೋಡಿ ಹಿಡೀರಿ" ಅಂದಳು. ಬೇಡ ಅನ್ನಲು ಅವನ ಹತ್ತಿರ ಒಂದು ಕಾರಣವೂ ಇರಲಿಲ್ಲ. ಇದ್ದ ಒಂದೇ ಕಾರಣ ಹೇಳುವಂಥದ್ದಲ್ಲ.

ಪ್ರವಾಸದ ಕಚೇರಿಯಲ್ಲಿ ಕನ್ನಡಕದ ಹುಡುಗಿಯೊಬ್ಬಳು ಹಡಗಿನ ನಕ್ಷೆ ಹರಡಿದಳು. ಅಂತಸ್ತಿಗೊಂದು ಹಾಳೆ. ಸಣ್ಣ ಸಣ್ಣ ಚೌಕಗಳು. ಖಾಲಿ ಇದ್ದವಕ್ಕೆ ಹಸಿರು ಬಣ್ಣ.

"ಹತ್ತನೇ ಅಂತಸ್ತಿನಲ್ಲಿ ಚೆನ್ನಾಗಿದೆ ಸಾರ್. ಎತ್ತರ. ನೋಟ ಚೆನ್ನಾಗಿರುತ್ತೆ."

"ಬೇಡಮ್ಮ. ಅದರ ನೆತ್ತಿ ಮೇಲೆ ಈಜುಕೊಳ. ಬೆಳಕು ಹರಿಯೋದೇ ತಡ, ಕುರ್ಚಿ ಎಳೆಯೋ ಸದ್ದು ಶುರು."

"ಹಾಗಾದ್ರೆ ಆರನೇದು?"

"ಅದರ ಮುಂದೆ ಜೀವರಕ್ಷಕ ದೋಣಿ ತೂಗುಹಾಕಿರ್ತಾರೆ. ಬಾಲ್ಕನೀಲಿ ಕೂತ್ರೆ ದೋಣಿ ಹೊಟ್ಟೆ ಕಾಣುತ್ತೆ, ಸಮುದ್ರ ಕಾಣಲ್ಲ. ಮೂತಿ ಕಡೆನೂ ಬೇಡ. ಲಂಗರಿನ ಸರಪಳಿ ಬಿಟ್ಟಾಗ ಮಂಚ ಅದುರುತ್ತೆ. ಹಿಂದುಗಡೆ ಎಂಜಿನ್ ನಡುಕ. ಲಿಫ್ಟಿನ ಪಕ್ಕ ಜನರ ಮಾತು. ನಡುಮಧ್ಯದಲ್ಲಿ ಕೊಡಿ. ತೂಗಾಟ ಕಮ್ಮಿ. ಅಕ್ಕನಿಗೆ ತಲೆ ಸುತ್ತು ಬರುತ್ತೆ."

ಹುಡುಗಿ ಪೆನ್ನು ಕೆಳಗಿಟ್ಟು ಅವನ ಮುಖ ನೋಡಿದಳು. "ನನ್ನ ಕುರ್ಚೀಲಿ ನೀವು ಕೂರಬೇಕಿತ್ತು ಸಾರ್!"

ಅಕ್ಕ ಹೆಮ್ಮೆಯಿಂದ ನಕ್ಕಳು. ಆಮೇಲೆ ನಕ್ಷೆಯ ಮೇಲೆ ಬಗ್ಗಿ ಕೇಳಿದಳು: "ಎಂಟನೇದ್ರಲ್ಲಿ ಅಲ್ವಾ ಅವರು ಇದ್ದದ್ದು?"

"ಹೂಂ."

"ಅದೇ ಬೇಕು ನನಗೆ. ಎಂಟನೇದೇ. ಅವರು ಕೊನೇಲಿ ನಿಂತಿದ್ದ ಬಾಲ್ಕನಿ ಯಾವುದು ಅಂತ ನಿನಗೆ ಗೊತ್ತಲ್ಲ? ಅದನ್ನೇ ತೋರಿಸು."

"ಎಂಟನೇ ಅಂತಸ್ತಿನ ನಡುವೆ ಎರಡೇ ಖಾಲಿ ಇವೆ," ಅಂದಳು ಹುಡುಗಿ. "ಎಡಗಡೆ ಒಂದು, ಬಲಗಡೆ ಒಂದು."

ಎಡಗಡೆಯ ಹಸಿರು ಚೌಕ ಮೆಟ್ಟಿಲಿನಿಂದ ಮೂರನೆಯದು. ಅದೇ. ನೂರಾರು ಕ್ಯಾಬಿನ್ನುಗಳಲ್ಲಿ ಅದೇ ಖಾಲಿ ಉಳಿದಿರಬೇಕೆ? ಬೆರಳು ತಾನಾಗಿ ಬಲಗಡೆಗೆ ಸರಿಯಿತು.

"ಇದು, ಅಕ್ಕ."

"ಖಂಡಿತ ತಾನೇ?"

"ಖಂಡಿತ."

ಅಕ್ಕ ಆ ಚೌಕದ ಮೇಲೆ ತನ್ನ ಬೆರಳನ್ನೂ ಇಟ್ಟಳು. ಬಿಸಿನೀರು, ಬಟ್ಟೆ ಒಗೆಯುವ ಸೋಡಾದಲ್ಲಿ ನೆಂದು ನೆಂದು ಉಗುರು ಹಳದಿಯಾದ ಬೆರಳು.

ಹಡಗಿನಲ್ಲಿ ಐದು ದಿನ. ಕ್ಯಾಬಿನ್ ನಿಜಕ್ಕೂ ಚೆನ್ನಾಗಿತ್ತು. ಎರಡು ಮಂಚ, ನಡುವೆ ಪುಟ್ಟ ಮೇಜು, ನೆಲಕ್ಕೆ ದಪ್ಪ ಹಾಸು, ತಳ್ಳಿದರೆ ಸದ್ದಿಲ್ಲದೆ ಸರಿಯುವ ಗಾಜಿನ ಬಾಗಿಲು. ಆಚೆಗೆ ಬಾಲ್ಕನಿ, ಎರಡು ಕುರ್ಚಿ, ಕಣ್ಣು ಹಾಯುವಷ್ಟೂ ನೀರು. ಅಕ್ಕ ಮೊದಲು ಮಾಡಿದ ಕೆಲಸ ಹಾಸಿಗೆಯ ಮೂಲೆ ಎತ್ತಿ ಚಾದರ ಮಡಿಸಿದ್ದು ಸರಿಯಾಗಿದೆಯಾ ಅಂತ ನೋಡಿದ್ದು. "ಪರವಾಗಿಲ್ಲ. ಇಸ್ತ್ರಿ ಸ್ವಲ್ಪ ಹೆಚ್ಚಾಗಿ ಕಾಯಿಸಿದ್ದಾರೆ" ಅಂದಳು. ಆಮೇಲೆ ಬಾಲ್ಕನಿಗೆ ಹೋಗಿ ರೇಲಿಂಗಿನ ಮೇಲೆ ಎರಡೂ ಕೈ ಇಟ್ಟಳು. ಮೇಸ್ತ್ರಿ ಅವಳಿಗೆ ಕಾಣದ ಹಾಗೆ ಕೂತು ಬುಡದ ಬೋಲ್ಟುಗಳನ್ನು ಒಂದೊಂದಾಗಿ ಮುಟ್ಟಿ ನೋಡಿದ. ಬಿಗಿಯಾಗಿದ್ದವು.

ಕೋಣೆ ಗುಡಿಸುವವನು ಬಂದಾಗ ಅಕ್ಕ, "ಈ ಕ್ಯಾಬಿನ್ನಿಗೆ ದೀಪ ಹಾಕಿದ್ದು ನಮ್ಮ ಯಜಮಾನ್ರು, ಗೊತ್ತಾ?" ಅಂದಳು. ಅವನು ಕೈಯಲ್ಲಿದ್ದ ಬಟ್ಟೆ ಕೆಳಗಿಟ್ಟು, "ಹೌದಾಮ್ಮ!" ಅಂತ ಸೂರಿನ ದೀಪವನ್ನು ಹತ್ತಿಸಿ ಆರಿಸಿ ತೋರಿಸಿದ. ಪಕ್ಕದ ಬಾಲ್ಕನಿಯ ಮುದುಕ ದಂಪತಿಗಳಿಗೂ ಹೇಳಿದಳು. ಅವರು ಊಟದ ಹಾಲಿನಲ್ಲಿ ಇನ್ನಾರಿಗೋ ಹೇಳಿದರು. ಮರುದಿನ ಇಬ್ಬರು ಹೆಂಗಸರು ಬಂದು, "ನಿಮ್ಮ ಯಜಮಾನ್ರ ಜಾಗ ನೋಡಬಹುದಾ?" ಅಂತ ಕೇಳಿ, ಬಾಲ್ಕನಿಯಲ್ಲಿ ನಿಂತು ತಲೆ ತಗ್ಗಿಸಿ ಹೋದರು. ಮೇಸ್ತ್ರಿ ಗೋಡೆಗೆ ಅಂಟಿಕೊಂಡು ನಿಂತಿದ್ದ. ನಕ್ಷೆಯ ಮೇಲೆ ಒಂದು ಬೆರಳಗಲ ಸರಿಸಿದ ಸುಳ್ಳು ಈಗ ಬಂದವರನ್ನೆಲ್ಲ ಕುರ್ಚಿ ಹಾಕಿ ಕೂರಿಸುತ್ತಿತ್ತು.

ಎರಡನೇ ದಿನ ಮಧ್ಯಾಹ್ನ. ಕಣ್ಣು ಕುಕ್ಕುವ ಬಿಸಿಲು. ಅಕ್ಕ ಎರಡು ಲೋಟ ಕಾಫಿ ತರಿಸಿದಳು. ಒಂದನ್ನು ತಾನು ಹಿಡಿದುಕೊಂಡು ಇನ್ನೊಂದನ್ನು ಖಾಲಿ ಕುರ್ಚಿಯ ಮುಂದಿಟ್ಟಳು. ತಮ್ಮ ಒಳಗೆ ಮಲಗಿದ್ದಾನೆ ಅಂದುಕೊಂಡು ಮೆಲ್ಲಗೆ ಮಾತಾಡಲು ತೊಡಗಿದಳು. ಬಾಗಿಲು ಎರಡು ಬೆರಳಷ್ಟು ತೆರೆದಿತ್ತು.

"ಬಂದೆ ನೋಡಿ. ಕರ್ಕೊಂಡು ಬರ್ತೀನಿ ಅಂದಿದ್ರಿ, ನಾನೇ ಬರಬೇಕಾಯ್ತು. ಎಷ್ಟು ಹೊತ್ತಿನ ಕೆಲಸ ಅದು, ನಾಲ್ಕು ಬೋಲ್ಟು ಹಾಕೋದು? ಬಿಚ್ಚಿದವರು ಹಾಕಬೇಕು ಅಂತ ಗೊತ್ತಾಗಲಿಲ್ವಾ ನಿಮಗೆ? ಆರು ವರ್ಷದ ಕೂಸು ಮನೇಲಿತ್ತು. ನಿಮ್ಮನ್ನ ಬೈದಷ್ಟು ನಾನು ಯಾರನ್ನೂ ಬೈದಿಲ್ಲ. ಇವತ್ತು ಇಲ್ಲಿ ಬೈದು ಮುಗಿಸಿಬಿಡ್ತೀನಿ. ಮನೆಗೆ ಹೋದ ಮೇಲೆ ಬೈಯಲ್ಲ..."

ಮೇಸ್ತ್ರಿ ಮಂಚದಿಂದ ಎದ್ದದ್ದು ಅವನಿಗೇ ಗೊತ್ತಾಗಲಿಲ್ಲ. ಬಾಗಿಲು ಸರಿಸಿಕೊಂಡು ಹೊರಗೆ ಬಂದು ನಿಂತಿದ್ದ.

"ಅಕ್ಕ, ಬೈಬೇಡ ಅವರನ್ನ."

"ಎದ್ದಿದ್ದೀಯಾ? ಬಿಡು, ಗಂಡ ಹೆಂಡಿರ ಮಾತು ಇದು."

"ಇದಲ್ಲ ಅಕ್ಕ ಆ ಜಾಗ. ನಾನು ಸುಳ್ಳು ಹೇಳಿದೆ. ಅದು ಆ ಕಡೆ, ಎಡಗಡೆ."

ಅಕ್ಕ ಅರ್ಥವಾಗದೆ ನೋಡಿದಳು. "ಯಾಕೋ?"

ನಿಂತುಕೊಂಡೇ ಹೇಳಿದ. ಸೋಫಾ, ಚೀಟಿ, ಸೈರನ್, ಸೂಪರ್‌ವೈಸರ್, ಮೇಜಿನ ಆಚೆಯ ಮೂವರು. ಯಾವುದನ್ನೂ ಮೆತ್ತಗೆ ಮಾಡಲಿಲ್ಲ. ಅವನು ಅಳಲಿಲ್ಲ, ಅಳುವ ಹಕ್ಕು ತನಗಿಲ್ಲ ಅಂತ ಎಷ್ಟೋ ವರ್ಷದ ಹಿಂದೆಯೇ ತೀರ್ಮಾನಿಸಿಕೊಂಡಿದ್ದ. ಅಕ್ಕ ಕಾಫಿ ಲೋಟವನ್ನು ಕೈಯಲ್ಲೇ ಹಿಡಿದಿದ್ದಳು.

"ಬೋಲ್ಟು ಎಲ್ಲಿದ್ವು?" ಕೇಳಿದಳು.

"ನನ್ನ ಜೇಬಲ್ಲಿ."

"ಅವರನ್ನ ಮನೆಗೆ ತಂದಾಗ ನೀನು ಬಾಗಿಲ ಹತ್ರ ನಿಂತಿದ್ದೆ. ಆಗಲೂ?"

"ಆಗಲೂ."

ಸಮುದ್ರದ ಮೇಲಿಂದ ಗಾಳಿ ಬಂದು ಮೇಜಿನ ಮೇಲಿದ್ದ ಕಾಗದದ ಕರವಸ್ತ್ರವನ್ನು ಎತ್ತಿಕೊಂಡು ಹೋಯಿತು. ಅಕ್ಕ ಲೋಟ ಕೆಳಗಿಟ್ಟಳು.

"ಇಪ್ಪತ್ತಾರು ವರ್ಷ," ಅಂದಳು. "ನಾನು ಅವರನ್ನ ಬೈಯ್ತಾ ಇದ್ದೆ. ನೀನು ಪಕ್ಕದಲ್ಲಿ ಕೂತು ಊಟ ಮಾಡ್ತಾ ಇದ್ದೆ. ಒಂದು ದಿನಾನಾದ್ರೂ ನಿನ್ನ ಗಂಟಲಲ್ಲಿ ತುತ್ತು ಇಳಿಯದೆ ನಿಲ್ಲಲಿಲ್ವಾ?"

ಇಳಿದಿತ್ತು ತುತ್ತು. ದಿನಾ ಇಳಿದಿತ್ತು.

"ತೋರಿಸು ನಡಿ," ಅಂದಳು.

ಹಡಗಿನ ಅಡ್ಡಕ್ಕೆ ಒಂದು ಸಣ್ಣ ಓಣಿ ದಾಟಿದರೆ ಎಡಗಡೆಯ ಸಾಲು. ಮೆಟ್ಟಿಲಿನಿಂದ ಮೂರನೇ ಬಾಗಿಲು. ಹಿಡಿಕೆಗೆ, ತೊಂದರೆ ಕೊಡಬೇಡಿ ಅನ್ನುವ ಚೀಟಿ ನೇತುಹಾಕಿತ್ತು. ಒಳಗೆ ಯಾರೋ ಟಿವಿ ಹಾಕಿಕೊಂಡು ನಗುತ್ತಿದ್ದರು. ಅಕ್ಕ ಬಾಗಿಲು ತಟ್ಟಲಿಲ್ಲ. ಅಂಗೈಯನ್ನು ಬಾಗಿಲಿನ ಮೇಲಿಟ್ಟು ನಿಂತಳು. ತಿಂಡಿಯ ಗಾಡಿ ತಳ್ಳಿಕೊಂಡು ಬಂದವನು, "ಏನಾದ್ರೂ ಬೇಕಾಮ್ಮ?" ಅಂದ. ಬೇಡ ಅಂತ ತಲೆಯಾಡಿಸಿ ವಾಪಸು ನಡೆದಳು.

ಉಳಿದ ಮೂರು ದಿನ ಅವಳು ಅವನ ಜೊತೆ ಆಡಿದ್ದು ಒಂದೇ ಮಾತು. ಅವನು ದಿಂಬು ತೆಗೆದುಕೊಂಡು ಹೊರಗಿನ ಬೆಂಚಿಗೆ ಹೋಗಲು ಹೊರಟಾಗ, "ಒಳಗೇ ಮಲಗು. ಕೇಳಿದವರಿಗೆ ನಾನೇನು ಹೇಳಲಿ?" ಅಂದಳು. ಅಷ್ಟೇ. ನೂರಾರು ಕ್ಯಾಬಿನ್ನುಗಳಲ್ಲಿ ಸದ್ದಿಲ್ಲದ, ತೂಗಾಟವಿಲ್ಲದ ಒಂದನ್ನು ಅವನು ಹುಡುಕಿ ಹಿಡಿದಿದ್ದ. ಅದರಲ್ಲಿ ಎರಡಡಿ ಅಂತರದ ಎರಡು ಮಂಚದ ಮೇಲೆ ಇಬ್ಬರೂ ಗೋಡೆಗೆ ಮುಖ ಮಾಡಿ ಮಲಗಿದರು. ಅವಳ ಉಸಿರು ಕೇಳುವಷ್ಟು ಅಲ್ಲಿ ನಿಶ್ಶಬ್ದ.

ಬಂದರಿನಲ್ಲಿ ಅಕ್ಕನ ಮಗಳು ಕಾಯುತ್ತಿದ್ದಳು. ಅವರಿಬ್ಬರ ಮುಖ ಕಂಡು ಅವಳ ನಗು ಅರ್ಧಕ್ಕೆ ನಿಂತಿತು. "ಏನಾಯ್ತು ಮಾವ? ಅಮ್ಮನಿಗೆ ಹುಷಾರಿಲ್ವಾ?"

"ನೀನೇ ಹೇಳು ಅವಳಿಗೆ," ಅಂದಳು ಅಕ್ಕ.

ಅವನು ಅಲ್ಲೇ, ಟ್ಯಾಕ್ಸಿಗಳ ಗಲಾಟೆಯ ನಡುವೆ, ಸೂಟ್‌ಕೇಸ್ ಹಿಡಿದುಕೊಂಡೇ ಹೇಳಿದ. ಅವಳು ಕಿರುಚಬಹುದು, ಹೊಡೆಯಬಹುದು ಅಂದುಕೊಂಡಿದ್ದ, ಹೊಡೆದಿದ್ದರೆ ಒಳ್ಳೆಯದಿತ್ತು. ಅವಳು ಕೈ ಚಾಚಿ ಅವನ ಹಿಡಿತದಿಂದ ಅಮ್ಮನ ಸೂಟ್‌ಕೇಸ್ ಬಿಡಿಸಿಕೊಂಡಳು. ಅಮ್ಮನ ತೋಳು ಹಿಡಿದು ನಡೆದುಹೋದಳು. ಚಿಕ್ಕವಳಿದ್ದಾಗ ರಸ್ತೆ ದಾಟುವಾಗ ಅವನ ಕಿರುಬೆರಳು ಹಿಡಿಯುತ್ತಿದ್ದ ಕೈ ಅದು.

ಅದೇ ವಾರ ಮನೆ ಬಿಟ್ಟು ಬಸ್ ಡಿಪೋದ ಹಿಂದೆ ಒಂದು ಕೋಣೆ ಹಿಡಿದ. ನಡೆದದ್ದನ್ನೆಲ್ಲ ಮೂರು ಪುಟ ಬರೆದು, ಸಹಿ ಹಾಕಿ, ಕಾರ್ಮಿಕ ಇಲಾಖೆಯ ಕಚೇರಿಗೆ ಒಯ್ದ. ಅಲ್ಲಿನ ಅಧಿಕಾರಿ ಓದಿ ಕನ್ನಡಕ ತೆಗೆದ. "ಯಾರ್ಡ್ ಮುಚ್ಚಿ ಎಷ್ಟೋ ವರ್ಷವಾಯ್ತು. ಸೂಪರ್‌ವೈಸರ್ ತೀರಿಕೊಂಡಿದ್ದಾರೆ. ಫೈಲು ಎಲ್ಲಿದೆಯೋ ದೇವರೇ ಬಲ್ಲ. ಈಗ ನಾನೇನು ಮಾಡಲಿ ಹೇಳಿ?"

"ಅವರು ಬಿಚ್ಚಿಲ್ಲ ಅಂತ ಎಲ್ಲಾದ್ರೂ ಒಂದು ಕಡೆ ಬರೆದಿರಲಿ ಸಾರ್."

ಅಧಿಕಾರಿ, ಸ್ವೀಕರಿಸಲಾಗಿದೆ ಅಂತ ಸೀಲು ಒತ್ತಿ ಒಂದು ಪ್ರತಿ ಕೊಟ್ಟ. ಅದನ್ನು ಅಂಚೆಯಲ್ಲಿ ಅಕ್ಕನಿಗೆ ಕಳಿಸಿದ. ಅಕ್ಕನ ಮಗಳು ಆ ಕಾಗದ ಹಿಡಿದುಕೊಂಡು ಅಪ್ಪನ ಹಳೆಯ ಜೊತೆಗಾರರ ಮನೆಮನೆಗೂ ಹೋದಳಂತೆ. ಹೋದಲ್ಲೆಲ್ಲ ನಿಂತುಕೊಂಡೇ ಓದಿ ಹೇಳಿದಳಂತೆ. ಊರಿಗೆಲ್ಲ ಗೊತ್ತಾಯಿತು. ರೇಲಿಂಗ್ ಕೂಡಿಸಲು ಅವನನ್ನು ಕರೆಯುವವರು ನಿಂತರು. ಬೋಲ್ಟ್ ಮೇಸ್ತ್ರಿ ಅನ್ನುವ ಹೆಸರು ಮಾತ್ರ ಉಳಿಯಿತು, ಆದರೆ ಈಗ ಯಾರೂ ನಗುತ್ತಾ ಕರೆಯುತ್ತಿರಲಿಲ್ಲ. ಗೋದಾಮೊಂದರಲ್ಲಿ ಪೆಟ್ಟಿಗೆಗೆ ಮೊಳೆ ಹೊಡೆಯುವ ಕೆಲಸ ಸಿಕ್ಕಿತು.

ಹಡಗು ಒಡೆದರು ಅನ್ನುವ ಸುದ್ದಿಯೂ ಬಂತು.

ಮರುವರ್ಷ ಎದೆನೋವು ಬಂದು ಅವನು ಆಸ್ಪತ್ರೆ ಸೇರಿದ. ಅಕ್ಕ ಕೆಲಸ ಮಾಡಿದ್ದ ಆಸ್ಪತ್ರೆಯೇ. ಬಟ್ಟೆ ವಿಭಾಗದ ಯಾರೋ ಅವಳಿಗೆ ಹೇಳಿರಬೇಕು. ನಾಲ್ಕನೇ ದಿನ ಬೆಳಗ್ಗೆ ಬಂದಳು. ಮಂಚದ ಕಾಲ ಹತ್ತಿರ ನಿಂತಳು. ಹೇಗಿದ್ದೀಯ ಅಂತ ಕೇಳಲಿಲ್ಲ.

"ಆವತ್ತು ಯಾರ್ಡಿಗೆ ಹೋಗುವಾಗ ದಾರೀಲಿ ಏನು ಮಾತಾಡಿದ್ರು?"

ಅವನು ಎದ್ದು ಕೂರಲು ನೋಡಿ ಆಗದೆ ಮಲಗಿಕೊಂಡ. ನೆನೆಸಿಕೊಂಡು ಹೇಳಿದ: "ಪಾಪುಗೆ ಹಲ್ಲು ಅಲ್ಲಾಡ್ತಿದೆ, ಸಂಜೆ ನಾನೇ ಕೀಳ್ತೀನಿ ಅಂದ್ರು."

ಅಕ್ಕ ಹೊರಟುಹೋದಳು. ಎರಡು ದಿನ ಬಿಟ್ಟು ಮತ್ತೆ ಬಂದಳು. ಯಾವ ಅಂಗಿ ಹಾಕಿದ್ರು, ಕೂಗು ಕೇಳಿತು ಅಂದೆಯಲ್ಲ, ಯಾರ ಹೆಸರನ್ನಾದ್ರೂ ಕೂಗಿದ್ರಾ ಅಂತ ಕೇಳಿದಳು. ಒಂದು ಸಲಕ್ಕೆ ಒಂದೋ ಎರಡೋ ಪ್ರಶ್ನೆ. ಅವನು ಗೊತ್ತಿದ್ದದ್ದನ್ನು ಗೊತ್ತಿದ್ದಷ್ಟೇ ಹೇಳಿದ, ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅಂದ. ಅವನು ಕೋಣೆಗೆ ಮರಳಿದ ಮೇಲೂ ತಿಂಗಳಿಗೊಮ್ಮೆ ಬರತೊಡಗಿದಳು. ಒಳಗೆ ಬರುತ್ತಿರಲಿಲ್ಲ, ಕೊಟ್ಟ ಕುರ್ಚಿಯಲ್ಲಿ ಕೂರುತ್ತಿರಲಿಲ್ಲ, ನೀರು ಕೂಡ ಮುಟ್ಟುತ್ತಿರಲಿಲ್ಲ. ಬಾಗಿಲಲ್ಲಿ ನಿಂತು ಆ ಒಂದು ದಿನದ ಒಂದೊಂದೇ ಚೂರನ್ನು ಕೇಳಿ ಪಡೆದು ಹೋಗುತ್ತಿದ್ದಳು. ಅಕ್ಕನ ಮಗಳು ಒಮ್ಮೆಯೂ ಬರಲಿಲ್ಲ.

ಒಂದು ಮಧ್ಯಾಹ್ನ ಅಕ್ಕ ಬಂದು, ಸೆರಗಿನಿಂದ ಕತ್ತಿನ ಬೆವರು ಒರೆಸಿಕೊಂಡು ಕೇಳಿದಳು. "ಅವರು ಊಟ ಮಾಡಿದ್ರಾ ಆವತ್ತು?"

"ಇಲ್ಲ ಅಕ್ಕ. ಡಬ್ಬಿ ಬಿಚ್ಚಿರಲಿಲ್ಲ."

ಡಿಪೋದಿಂದ ಒಂದು ಬಸ್ಸು ಹೊಗೆ ಬಿಟ್ಟುಕೊಂಡು ಹೊರಟಿತು. ಅದು ತಿರುವು ದಾಟುವ ತನಕ ನೋಡಿ, ಅಕ್ಕ ಛತ್ರಿ ಬಿಚ್ಚಿಕೊಂಡು ಬಿಸಿಲಿಗೆ ಇಳಿದಳು.